ಹಗಲನ್ನ ಸರಿಮಾಡಿದೆ, ಅತ್ತೆಗೆ ರಾತ್ರಿ ನಿದ್ದೆ ಬಂತು

ನಮ್ಮ ಅತ್ತೆ ಈಗ ರಾತ್ರಿ ಒಂಬತ್ತೂವರೆಗೆ ಮಲಗಿದರೆ ನಾಲ್ಕರ ತನಕ ಮಲಗುತ್ತಾರೆ. ನಡುವೆ ಒಂದು ಸಲ ಬಚ್ಚಲಿಗೆ ಏಳುತ್ತಾರೆ, ಅಷ್ಟೇ. ವಯಸ್ಸು 78ರ ಆಸುಪಾಸು. ಅಲ್ಜೈಮರ್, ಅಂದರೆ ಮರೆವಿನ ಕಾಯಿಲೆ ಅಂತ ಗೊತ್ತಾಗಿ ಐದಾರು ವರ್ಷ ಆಯಿತು. ಹೋದ ವರ್ಷ ರಾತ್ರಿ ಎರಡಕ್ಕೇ ಎದ್ದು ಅಗುಳಿ ತೆಗೆದು ಕೊಟ್ಟಿಗೆ ಕಡೆ ಹೊರಟುಬಿಡುತ್ತಿದ್ದರು. "ಹಸ ಕೂಗ್ತಾ ಐತೆ, ಹಾಲು ಕರೀಬೇಕು" ಅನ್ನುತ್ತಿದ್ದರು. ಹಸು ಮಾರಿ ಹತ್ತು ವರ್ಷದ ಮೇಲಾಗಿದೆ.

ಮರೆವಿನ ಕಾಯಿಲೆಯವರಿಗೆ ಮಾತ್ರೆ ಇಲ್ಲದೆ ನಿದ್ದೆ ಬರಿಸೋಕೆ ಆಗಲ್ಲ ಅಂತ ಹೇಳಿದವರೇ ಜಾಸ್ತಿ. ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಸಂಜೆಯಾದರೆ ಇಂಥವರಿಗೆ ಗೊಂದಲ, ಅಳು, ಕೂಗಾಟ ಶುರುವಾಗುತ್ತೆ ಅನ್ನೋದು ಮನೆಯಲ್ಲಿ ನೋಡಿಕೊಳ್ಳುವ ನಿಮಗೆ ಗೊತ್ತೇ ಇರುತ್ತೆ.

ಮೊದಲು ದುಡ್ಡು ಹೋದ ಕತೆ. ನಿದ್ದೆ ಮಾತ್ರೆಯಿಂದ ಶುರುವಾಯಿತು. ರಾತ್ರಿ ಮಲಗಿದರು, ನಿಜ. ಬೆಳಗ್ಗೆ ಹತ್ತಾದರೂ ಮಂಪರು ಇಳಿಯುತ್ತಿರಲಿಲ್ಲ, ಕಾಲು ತಡವರಿಸುತ್ತಿತ್ತು. ಒಂದು ದಿನ ಬಚ್ಚಲಲ್ಲಿ ಬಿದ್ದು ಹಣೆ ಒಡೆಯಿತು. ಹೊಲಿಗೆ, ಸ್ಕ್ಯಾನ್ ಎಲ್ಲಾ ಸೇರಿ ಎಂಟೊಂಬತ್ತು ಸಾವಿರ. ಆಮೇಲೆ ಗೊತ್ತಿದ್ದವರೊಬ್ಬರು ನೆಗಡಿಗೆ ಕೊಡೋ ಹಳೇ ಕಾಲದ ಅಲರ್ಜಿ ಮಾತ್ರೆ ಕೊಡಿ, ತೂಕಡಿಕೆ ಬರುತ್ತೆ ಅಂದರು. ಎರಡೇ ರಾತ್ರಿಗೆ ಗೊಂದಲ ಎಷ್ಟು ಹೆಚ್ಚಾಯಿತು ಅಂದರೆ ಮಗನನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸಿದರು. ಆ ಮಾತ್ರೆ ಮೆದುಳಿನಲ್ಲಿ ನೆನಪಿಗೆ ಬೇಕಾದ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಕೆಲಸವನ್ನು ತಡೆಯುತ್ತೆ. ನಾವು ಮರೆವಿಗೆ ಕೊಡುವ ಡೊನೆಪೆಜಿಲ್ ಅದನ್ನೇ ಉಳಿಸಿಕೊಳ್ಳೋಕೆ ಹೆಣಗುತ್ತೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ದಯವಿಟ್ಟು ಯಾರೂ ಕೊಡಬೇಡಿ.

ರಾತ್ರಿಗೆ ಅಂತ ಒಬ್ಬ ಹುಡುಗಿಯನ್ನು ಇಟ್ಟುಕೊಂಡೆವು, ತಿಂಗಳಿಗೆ 18 ಸಾವಿರ. ಹಾಸನದಲ್ಲಿ ಇದು ಸಣ್ಣ ದುಡ್ಡಲ್ಲ. ಪಾಪ, ಅವಳು ಒಳ್ಳೆಯವಳೇ. ಆದರೆ ಅತ್ತೆ ಹೊಸ ಮುಖ ನೋಡಿ "ಕಳ್ಳಿ ಬಂದವಳೆ" ಅಂತ ಕೂಗಿ ಇಡೀ ಬೀದಿ ಎಬ್ಬಿಸುತ್ತಿದ್ದರು. ಎರಡು ಮೂರು ತಿಂಗಳಲ್ಲಿ ನಿಲ್ಲಿಸಿದೆವು. ಹಗಲು ಜೋರು ಬೆಳಕು ಬಿದ್ದರೆ ರಾತ್ರಿ ನಿದ್ದೆ ಬರುತ್ತೆ ಅಂತ ಬೆಂಗಳೂರಿನ ಮೈದುನ 10,000 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಒಂದು ದೀಪ ತರಿಸಿಕೊಟ್ಟ, ಏಳು ಸಾವಿರ ರೂಪಾಯಿಯ ಹತ್ತಿರ. ಅತ್ತೆ ಅದರ ಮುಂದೆ ಕೂತರೆ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ಹಾಸಿಗೆ, ಟಾನಿಕ್, ಎಣ್ಣೆ ಎಲ್ಲಾ ಸೇರಿಸಿದರೆ ಒಟ್ಟು ಲಕ್ಷದ ಹತ್ತಿರ ಹೋಯಿತು.

ದೀಪ ಸೋತರೂ ಬೆಳಕಿನ ವಿಷಯ ನನ್ನ ತಲೆಯಿಂದ ಹೋಗಲಿಲ್ಲ. ನೆದರ್ಲೆಂಡ್ಸ್‌ನ ವೃದ್ಧರ ವಸತಿಗಳಲ್ಲಿ ಮಾಡಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಹಗಲಿಡೀ ಸುಮಾರು 1000 ಲಕ್ಸ್ ಬೆಳಕು ಬೀಳುವಂತೆ ಚಾವಣಿಗೆ ದೀಪ ಹಾಕಿ ವರ್ಷಗಟ್ಟಲೆ ನೋಡಿದ್ದರು. ಮರೆವು ಹೆಚ್ಚುವ ವೇಗ ಸ್ವಲ್ಪ ತಗ್ಗಿತು, ಮನಸ್ಸಿನ ಬೇಸರವೂ ಕಡಿಮೆಯಾಯಿತು. ಬರೀ ಮೆಲಟೋನಿನ್ ಅನ್ನೋ ನಿದ್ದೆಯ ಹಾರ್ಮೋನು ಕೊಟ್ಟವರಲ್ಲಿ ನಿದ್ದೆ ಉದ್ದವಾದರೂ ಮನಸ್ಸು ಮಂಕಾಯಿತು. ಫಲ ಸಣ್ಣದೇ, ಆದರೆ ದಾರಿ ಕಾಣಿಸಿತು.

ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು ಮನೆಯೆಲ್ಲಾ ಅಳೆದೆ. ಅತ್ತೆ ದಿನವಿಡೀ ಕೂರುವ ನಡುಮನೆಯಲ್ಲಿ ಟ್ಯೂಬ್‌ಲೈಟ್ ಹಾಕಿದರೂ 150 ದಾಟುತ್ತಿರಲಿಲ್ಲ. ಜಗಲಿಯಲ್ಲಿ ಬೆಳಗ್ಗೆ ಎಂಟಕ್ಕೆ ಎಂಟು ಹತ್ತು ಸಾವಿರ. ಮೋಡ ಮುಚ್ಚಿದ ದಿನವೂ ಮೂರು ನಾಲ್ಕು ಸಾವಿರಕ್ಕೆ ಮೋಸವಿಲ್ಲ. ಅಂದರೆ ಅವರ ಮೆದುಳಿಗೆ ಹಗಲು ಅನ್ನೋದೇ ಆಗುತ್ತಿರಲಿಲ್ಲ. ವಯಸ್ಸಾದ ಕಣ್ಣಿನ ಮಸೂರ ಹಳದಿಯಾಗಿ ಇರೋ ಬೆಳಕೂ ಪೂರ್ತಿ ಒಳಗೆ ಹೋಗಲ್ಲ. ಅತ್ತೆಗೆ ಒಂದು ಕಣ್ಣಲ್ಲಿ ಪೊರೆ ಬೇರೆ ಇತ್ತು. ಅದನ್ನು ತೆಗೆಸಿದೆವು.

ಬೆಳಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕುರ್ಚಿ ಹಾಕಿದೆ. ಒಂದೂವರೆ ಗಂಟೆ. ಬಿಸಿಲು ಚುರುಕಾದರೆ ನೆರಳಿಗೆ ಸರಿಸುತ್ತೇನೆ, ಒಳಗೆ ಮಾತ್ರ ತರಲ್ಲ. ಸುಮ್ನೆ ಕೂರಿಸಿದರೆ ಐದು ನಿಮಿಷ ಕೂರಲ್ಲ. ಅದಕ್ಕೆ ಮಡಿಲಿಗೆ ಮೊರ ಕೊಟ್ಟೆ, ಅವರೆಕಾಯಿ ತುಂಬಿಸಿ. ಹೆಬ್ಬೆರಳಿನಲ್ಲಿ ಕಾಯಿಯ ಬೆನ್ನು ಒತ್ತಿ, ಪಟ್ ಅಂತ ಬಿಡಿಸಿ, ಹುಳ ಇದ್ದದ್ದನ್ನು ನೋಡದೆಯೇ ಪಕ್ಕಕ್ಕೆ ಎಸೆಯುತ್ತಾರೆ. ನನ್ನ ಹೆಸರು ಮರೆತ ಕೈಗೆ ಇದು ಮರೆತಿಲ್ಲ. ಅವರೆ ಕಾಲ ಮುಗಿದ ಮೇಲೆ ಕಡ್ಲೆಕಾಯಿ, ಸೊಪ್ಪು, ಹುಣಸೆಹಣ್ಣು. ಏನೂ ಇಲ್ಲದ ದಿನ ರಾಗಿ, ಹುರುಳಿ ಬೆರೆಸಿ ಕೊಟ್ಟು ನೋಡಿದೆ. ಸಿಟ್ಟು ಬಂದು ಮೊರವನ್ನೇ ಎಸೆದರು. ಕೆಲಸ ನಿಜವಾದದ್ದೇ ಆಗಬೇಕು, ಅವರಿಗೆ ಗೊತ್ತಾಗುತ್ತೆ.

ಮಧ್ಯಾಹ್ನದ ನಿದ್ದೆ ಕಡಿಮೆ ಮಾಡಿಸಿದ್ದೇ ಎಲ್ಲಕ್ಕಿಂತ ಕಷ್ಟ. ಊಟ ಆದ ಮೇಲೆ ಮೂರು ಗಂಟೆ ಮಲಗುತ್ತಿದ್ದರು. ಈಗ ಅರ್ಧ ಗಂಟೆ, ಅದೂ ಎರಡರೊಳಗೆ. ಒಂದೇ ಸಲ ನಿಲ್ಲಿಸಲಿಲ್ಲ, ವಾರಕ್ಕೆ ಇಷ್ಟು ಅಂತ ಇಳಿಸಿದೆ. ಮೊದಲ ಮೂರು ವಾರ ಮನೆ ನರಕ. ಹಗಲೂ ರೇಗಾಟ, ರಾತ್ರಿಯೂ ಎಚ್ಚರ. ನಮ್ಮನೆಯವರು "ಅಮ್ಮನ್ನ ಯಾಕೆ ಹಿಂಸೆ ಮಾಡ್ತೀಯ" ಅಂದರು. ನಾದಿನಿ ಫೋನಿನಲ್ಲಿ "ಬಿಸಿಲಲ್ಲಿ ಕೂರಿಸಿದ್ರೆ ಈ ಕಾಯಿಲೆ ಹೋಗುತ್ತಾ ಅತ್ತಿಗೆ?" ಅಂದಳು. ನಾಲ್ಕನೇ ವಾರ ರಾತ್ರಿ ಮೂರರ ತನಕ ಮಲಗಿದರು. ಆಮೇಲೆ ಯಾರೂ ಮಾತಾಡಲಿಲ್ಲ. ಈಗ ಅದೇ ನಾದಿನಿ ಅವಳ ಮಾವನಿಗೆ ಹೇಗೆ ಮಾಡಬೇಕು ಅಂತ ನನ್ನನ್ನೇ ಕೇಳುತ್ತಾಳೆ. ಮಧ್ಯಾಹ್ನ ಎಬ್ಬಿಸೋಕೆ ನಾನು ಒಂದು ಉಪಾಯ ಮಾಡುತ್ತೇನೆ. ಅದನ್ನು ಅವಳಿಗೂ ಹೇಳಿಲ್ಲ.

ಮಾತ್ರೆಗಳ ಹೊತ್ತನ್ನೂ ಬದಲಾಯಿಸಿದೆವು, ಡಾಕ್ಟರನ್ನು ಕೇಳಿಯೇ. ಡೊನೆಪೆಜಿಲ್ ರಾತ್ರಿ ತಗೊಂಡರೆ ಕೆಲವರಿಗೆ ಕೆಟ್ಟ ಕನಸು ಬೀಳುತ್ತೆ, ನಿದ್ದೆ ಕೆಡುತ್ತೆ. ಅದು ಬೆಳಗ್ಗೆಗೆ ಬಂತು. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಯೂ ಬೆಳಗ್ಗೆಗೇ ಬಂತು. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದದ್ದು ಮೊದಲು ಎರಡು ಸಲಕ್ಕೆ ಇಳಿಯಿತು, ಈಗ ಒಂದೇ ಸಲ. ಸಂಜೆ ಕಾಫಿ ಬಿಡಿಸೋಕೆ ಅದೇ ಸ್ಟೀಲ್ ಲೋಟದಲ್ಲಿ ರಾಗಿ ಮಾಲ್ಟ್ ಕೊಟ್ಟೆ. ಎರಡು ದಿನ ಗೊಣಗಿದರು, ಆಮೇಲೆ ಒಗ್ಗಿಕೊಂಡರು.

ಸಂಜೆ ಐದೂವರೆಗೆ, ಕತ್ತಲಾಗೋ ಮೊದಲೇ, ಎಲ್ಲಾ ದೀಪ ಹಾಕಿ ಕಿಟಕಿ ಪರದೆ ಎಳೆಯುತ್ತೇನೆ. ಪರದೆ ಯಾಕೆ ಅಂದರೆ, ಹೊರಗೆ ಕತ್ತಲಾದಾಗ ಗಾಜಿನಲ್ಲಿ ತಮ್ಮದೇ ಮುಖ ಕಂಡು "ಯಾರೋ ಮುದುಕಿ ನಿಂತವಳೆ" ಅಂತ ಹೆದರುತ್ತಿದ್ದರು. ಇದು ಗೊತ್ತಾಗೋಕೆ ನನಗೆ ತಿಂಗಳುಗಳೇ ಹಿಡಿದವು. ನಿಮ್ಮ ಮನೆಯಲ್ಲೂ ಸಂಜೆ ಇಂಥ ಕೂಗಾಟ ಇದ್ದರೆ ಮೊದಲು ಗಾಜು ನೋಡಿ. ರಾತ್ರಿ ಮಂಚದಿಂದ ಬಚ್ಚಲಿನ ತನಕ ನೆಲದ ಹತ್ತಿರ ಸಣ್ಣ ಕೆಂಪು ಬಲ್ಬು, ಎಲ್ಲಾ ಸೇರಿ ಆರುನೂರು ರೂಪಾಯಿ. ಅಗುಳಿಗೆ ಬಾಗಿಲಿನದೇ ಬಣ್ಣ ಬಳಿದು ನೋಡಿದೆ. ಉಪಯೋಗವಾಗಲಿಲ್ಲ, ಕೈ ತಡಕಿ ಹುಡುಕುತ್ತಿತ್ತು.

ಹಾಲು ಕರೀಬೇಕು ಅಂತ ಎದ್ದಾಗ "ಹಸು ಮಾರಿದ್ದೀವಿ" ಅಂದರೆ ಜಗಳವೇ. ಈಗ ನಾನು ಎರಡು ಮಾತು ಹೇಳುತ್ತೇನೆ, ಮಲಗುತ್ತಾರೆ. ಆ ಮಾತು ಇಲ್ಲಿ ಬರೆಯಲ್ಲ. ಅದು ಅತ್ತೆಯ ಬದುಕಿನಿಂದ ಹುಡುಕಿದ್ದು. ನಿಮ್ಮವರಿಗೆ ನಿಮ್ಮ ಮನೆಯದ್ದೇ ಬೇಕು.

ಈ ನಡುವೆ ಮನೆಯಲ್ಲಿ ಇನ್ನೊಂದು ನೋವು ಎದ್ದಿತ್ತು. ಯಾರೋ ಒಂದು ವಿಡಿಯೊ ಕಳಿಸಿದ್ದರು, ನಿದ್ದೆ ಕಡಿಮೆಯಾದರೆ ಮರೆವು ಬರುತ್ತೆ ಅಂತ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ 2013ರ ಇಲಿ ಪ್ರಯೋಗ ಅದರಲ್ಲಿತ್ತು. ನಿದ್ದೆಯಲ್ಲಿ ಮೆದುಳಿನ ಸಂದುಗಳು ಹಿಗ್ಗಿ ಈ ಕಾಯಿಲೆಯಲ್ಲಿ ಮೆದುಳಲ್ಲಿ ಕಟ್ಟಿಕೊಳ್ಳುವ ಬೀಟಾ ಅಮಿಲಾಯ್ಡ್ ಅನ್ನೋ ಪ್ರೋಟೀನು ಬೇಗ ತೊಳೆದು ಹೋಗುತ್ತೆ ಅಂತ. ಅತ್ತೆ ನಲವತ್ತು ವರ್ಷ ನಾಲ್ಕಕ್ಕೆ ಎದ್ದು ಹಾಲು ಕರೆದವರು. ನಮ್ಮನೆಯವರು "ನಮ್ಮನ್ನ ಓದಿಸೋಕೆ ಅಮ್ಮ ನಿದ್ದೆ ಕೆಟ್ಟಳು" ಅಂತ ಊಟ ಬಿಟ್ಟು ಎದ್ದುಹೋದರು.

ನಾನು ಬ್ರಿಟನ್ನಿನ 2021ರ ಅಧ್ಯಯನ ತೋರಿಸಿದೆ. ಸುಮಾರು ಎಂಟು ಸಾವಿರ ಸರ್ಕಾರಿ ನೌಕರರನ್ನು 25 ವರ್ಷ ಗಮನಿಸಿದ್ದು. ಐವತ್ತರಿಂದ ಎಪ್ಪತ್ತರ ತನಕ ಆರು ಗಂಟೆಯೊಳಗೇ ಮಲಗುತ್ತಿದ್ದವರಿಗೆ, ಏಳು ಗಂಟೆ ಮಲಗುವವರಿಗಿಂತ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಬರುವ ಸಾಧ್ಯತೆ ಶೇ 30ರಷ್ಟು ಜಾಸ್ತಿ. ಆದರೆ ಅಷ್ಟು ಜನರಲ್ಲಿ ಕಾಯಿಲೆ ಬಂದದ್ದು ಒಟ್ಟು 500 ಚಿಲ್ಲರೆ ಮಂದಿಗೆ. ಕಡಿಮೆ ಮಲಗಿದ ಬಹುಪಾಲು ಜನ ಚೆನ್ನಾಗೇ ಇದ್ದರು. ಕಾಯಿಲೆ ಕಾಣಿಸಿಕೊಳ್ಳೋ ಎಷ್ಟೋ ವರ್ಷ ಮೊದಲೇ ಮೆದುಳಿನಲ್ಲಿ ಶುರುವಾಗಿ ನಿದ್ದೆಯನ್ನೂ ಕೆಡಿಸಬಹುದು. ಅತ್ತೆಗೆ ಹಾಲು ಕರೆದೇ ಹೀಗಾಯಿತು ಅಂತ ಯಾರೂ ಹೇಳೋಕೆ ಆಗಲ್ಲ. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರನ್ನು ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರ ವರ್ಷಗಟ್ಟಲೆ ಗಮನಿಸುತ್ತಿದೆ. ನಮ್ಮಂಥವರ ಲೆಕ್ಕ ಅಲ್ಲಿಂದ ಬರಬೇಕು.

ಬ್ರಿಟನ್ನಿನ ಆ ಅಧ್ಯಯನ ಓದುವಾಗ ನನಗೆ ಹೊಡೆದದ್ದು ಐವತ್ತು ಅನ್ನೋ ಅಂಕಿ. ನನಗೆ 52. ಎರಡು ವರ್ಷ ನಾಲ್ಕು ಗಂಟೆಗಿಂತ ಜಾಸ್ತಿ ಮಲಗಿರಲಿಲ್ಲ. ನೋಡಿಕೊಳ್ಳುವವರ ನಿದ್ದೆಯನ್ನು ಯಾರೂ ಕೇಳಲ್ಲ, ಅಲ್ವಾ? ಈಗ ನಾಲ್ಕಕ್ಕೆ ಅತ್ತೆ ಎದ್ದರೆ ನಮ್ಮನೆಯವರು ಏಳುತ್ತಾರೆ. ನಾಲ್ಕು ಅತ್ತೆಯ ಜೀವನದ ಹೊತ್ತು, ಅದನ್ನು ಬದಲಾಯಿಸೋಕೆ ಹೋಗಲಿಲ್ಲ. ನಾನು ಐದೂವರೆ ತನಕ ಮಲಗುತ್ತೇನೆ.

ಅತ್ತೆಗೆ ಮರೆತದ್ದು ವಾಪಸ್ ಬಂದಿಲ್ಲ. ಸಂಜೆ ಅಳು ನಿಂತಿದೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಆಮೇಲೆ ಒಂದು ಸಲವೂ ಬಿದ್ದಿಲ್ಲ. ನಾನು ನಿದ್ದೆ ಬರೆದಿಟ್ಟ ನೋಟ್‌ಬುಕ್ಕನ್ನು ಡಾಕ್ಟರ್ ಫೋಟೊ ತೆಗೆದುಕೊಂಡರು. ಇನ್ನು ಮಳೆಗಾಲ ಬಾಕಿ ಇದೆ. ಎರಚಲು ಹೊಡೆದರೆ ಜಗಲಿಯಲ್ಲಿ ಕೂರಿಸೋಕೆ ಆಗಲ್ಲ. ಜಗಲಿಗೆ ಪಾರದರ್ಶಕ ಶೀಟು ಹಾಕಿಸೋಕೆ ಕೇಳಿದ್ದೇನೆ, ಕೆಲಸದವನು ಹನ್ನೆರಡು ಸಾವಿರ ಹೇಳಿದ್ದಾನೆ. ಹತ್ತಕ್ಕೆ ಬಂದರೆ ಹಾಕಿಸುತ್ತೇನೆ.