ಸಣ್ಣಾಟ ಕೇಳಿದ ಕಿವಿಗೆ ಆಪೆರಾ: ಎಲ್ಲಿಂದ ಶುರು ಮಾಡೋದು

ಆಪೆರಾ, ಅಂದರೆ ಪಾಶ್ಚಾತ್ಯರ ಹಾಡಿನಲ್ಲೇ ನಡೆಯುವ ನಾಟಕ, ಕೇಳಬೇಕು ಅಂತ ಕೂತವರು ಹತ್ತು ನಿಮಿಷಕ್ಕೇ ಬಂದ್ ಮಾಡಿ ಏಳುತ್ತಾರೆ. ಸಿನಿಮಾ ಹಾಡು ಹಾಕಿದಂತೆ ಅದನ್ನು ಹಾಕಿಬಿಟ್ಟು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಕಥೆ ಗೊತ್ತಿಲ್ಲ, ಭಾಷೆ ತಿಳಿಯದು, ಹಾಡುವವರು ಯಾರೆಂಬುದೂ ತಿಳಿಯದು. ಕೊನೆಗೆ ಕಿವಿಗೆ ಬೀಳೋದು ಬರೀ ಚೀರಾಟ. ಪಾರಿಜಾತದ ಸಣ್ಣಾಟವನ್ನೂ ಹಾಗೆ ಕೇಳಿದರೆ ಅಷ್ಟೇ ಆಗುತ್ತದೆ. ನಮ್ಮ ಹಳ್ಳಿಯ ಆಟಕ್ಕೆ ಬರುವವರಿಗೆ ಕಥೆ ಮೊದಲೇ ಗೊತ್ತು. ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ ಅನ್ನೋದು ಸುದ್ದಿಯೇನಲ್ಲ. ಆ ಮುನಿಸನ್ನು ಈ ರಾತ್ರಿ ಪಾತ್ರಧಾರಿ ಹೇಗೆ ಹಾಡುತ್ತಾಳೆ ಅನ್ನೋದಕ್ಕೇ ಕಂಬಳಿ ಹೊದ್ದು ಕೂತಿರುತ್ತಾರೆ. ಆಪೆರಾಕ್ಕೂ ಹೀಗೇ ತಯಾರಾಗಿ ಹೋಗಬೇಕು.

ಮೊದಲಿಗೆ ಇಟಲಿಯ ಸಂಗೀತಕಾರ ವೆರ್ದಿಯ ‘ಲಾ ತ್ರಾವಿಯಾತಾ’ ತೆಗೆದುಕೊಳ್ಳಿ. 1853ರಲ್ಲಿ ಇಟಲಿಯ ವೆನಿಸ್‌ನಲ್ಲಿ ಮೊದಲ ಪ್ರದರ್ಶನ ಕಂಡದ್ದು; ಅಂದು ಸೋತಿತ್ತು ಕೂಡ. ಮೂರು ಅಂಕ, ಸುಮಾರು ಎರಡೂಕಾಲು ತಾಸು. ಕಥೆ ಇಷ್ಟು: ಪ್ಯಾರಿಸ್ಸಿನ ಶ್ರೀಮಂತರ ಸಂಗಾತಿ ವಿಯೊಲೆತ್ತಾಗೆ ಕ್ಷಯ. ಆಲ್ಫ್ರೆದೋ ಎಂಬ ಹುಡುಗ ಅವಳನ್ನು ಮನಸಾರೆ ಪ್ರೀತಿಸುತ್ತಾನೆ, ಇಬ್ಬರೂ ಊರಾಚೆ ಮನೆ ಮಾಡುತ್ತಾರೆ. ಹುಡುಗನ ಅಪ್ಪ ಜೆರ್ಮೋಂತ್ ಬಂದು, “ನಿನ್ನಿಂದ ನನ್ನ ಮಗಳ ಲಗ್ನ ನಿಲ್ಲುತ್ತದೆ, ಅವನನ್ನು ಬಿಟ್ಟುಬಿಡು” ಅಂತ ಕೇಳುತ್ತಾನೆ. ಅವಳು ಬಿಡುತ್ತಾಳೆ, ಯಾಕೆಂದು ಹೇಳುವುದಿಲ್ಲ. ಅವನಿಗೆ ನಿಜ ತಿಳಿಯುವ ಹೊತ್ತಿಗೆ ಅವಳ ಸಾವು ಹತ್ತಿರ ಬಂದಿರುತ್ತದೆ. ತಂಗಿ ಲಗ್ನ, ಮನೆತನದ ಮರ್ಯಾದೆ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಡಿಯೊ ಬೇಡ, ವಿಡಿಯೊ ನೋಡಿ. ಇಂಗ್ಲಿಷ್ ಸಬ್‌ಟೈಟಲ್ ಇರುವ ಪೂರ್ತಿ ಪ್ರದರ್ಶನವನ್ನೇ ಹುಡುಕಿ. ‘ಬೆಸ್ಟ್ ಆಫ್’ ತುಣುಕುಗಳಿಂದ ಶುರು ಮಾಡಿದರೆ ಯಾರ ಸಿಟ್ಟು, ಯಾರ ಅಳು ಅನ್ನೋದೇ ತಿಳಿಯದು. ಯುರೋಪಿನ ರಂಗಮಂದಿರಗಳ ಪ್ರದರ್ಶನಗಳನ್ನು ‘ಆಪೆರಾವಿಷನ್’ ಯೂಟ್ಯೂಬಿನಲ್ಲಿ ಪುಕ್ಕಟೆ ಹಾಕುತ್ತದೆ, ಸಬ್‌ಟೈಟಲ್ ಸಮೇತ. ಆದರೆ ಅಲ್ಲಿನವು ಕೆಲವು ತಿಂಗಳಷ್ಟೇ ಇರುತ್ತವೆ, ಆಮೇಲೆ ನೋಡೋಣ ಅಂತ ಬಿಡಬೇಡಿ. ಒಂದು ದಿನಕ್ಕೆ ಒಂದೇ ಅಂಕ ಸಾಕು. ಮೊದಲನೆಯದು ಅರ್ಧ ತಾಸಿನ ಮೇಲೆ ಸ್ವಲ್ಪ, ಎರಡನೆಯದು ತಾಸಿಗೂ ಹೆಚ್ಚು.

ಇಯರ್‌ಫೋನ್ ಇಲ್ಲದೆ ಕೂಡಬೇಡಿ. ಸಿನಿಮಾ ಹಾಡಿನಲ್ಲಿ ಸದ್ದು ಮೊದಲಿನಿಂದ ಕೊನೆತನಕ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತದೆ. ಇಲ್ಲಿ ಪಿಸುಮಾತಿನಿಂದ ಸಿಡಿಲಿನವರೆಗೆ ಏರಿಳಿಯುತ್ತದೆ. ತ್ರಾವಿಯಾತಾ ಶುರುವಾಗೋದೇ ಕೆಲವೇ ವಯೊಲಿನ್‌ಗಳು ತಾರಸ್ಥಾಯಿಯಲ್ಲಿ ಬಹಳ ಮೆಲ್ಲಗೆ ನುಡಿಸುವುದರಿಂದ. ಕಲಬುರಗಿಯಲ್ಲಿ ಮೇ ತಿಂಗಳು 40 ಡಿಗ್ರಿ ದಾಟಿದ ಮೇಲೆ ಕೂಲರ್ ಗರಗುಟ್ಟುವ ಕೋಣೆಯಲ್ಲಿ ಅದು ಕೇಳಿಸುವುದೇ ಇಲ್ಲ. ಕೇಳಿಸಲಿಲ್ಲವೆಂದು ವಾಲ್ಯೂಮ್ ಏರಿಸಿದಿರೋ, ನಾಲ್ಕು ನಿಮಿಷಕ್ಕೆ ಪಡದೆ ಎದ್ದು ಪಾರ್ಟಿಯ ಗದ್ದಲ ಕಿವಿಗೆ ಅಪ್ಪಳಿಸುತ್ತದೆ. ಬೇಸಿಗೆಯಲ್ಲಿ ಬೆಳಗಿನ ಐದರ ಹೊತ್ತು ಚಲೋ: ಕೂಲರ್ ಬೇಕಾಗಿಲ್ಲ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೂ ಇನ್ನೂ ಶುರುವಾಗಿರುವುದಿಲ್ಲ.

ಆ ಮೆಲ್ಲನೆಯ ವಯೊಲಿನ್ ಅನ್ನು ನೆನಪಿಟ್ಟುಕೊಳ್ಳಿ. ಮೂರನೇ ಅಂಕ ಅದರಿಂದಲೇ ಶುರುವಾಗುತ್ತದೆ. ಅಷ್ಟೊತ್ತಿಗೆ ವಿಯೊಲೆತ್ತಾ ಹಾಸಿಗೆ ಹಿಡಿದಿರುತ್ತಾಳೆ.

ಮೊದಲ ಅಂಕದಲ್ಲಿ ಎಂಟು ಹತ್ತು ನಿಮಿಷಕ್ಕೆ ‘ಲಿಬಿಯಾಮೋ’ ಬರುತ್ತದೆ, ಕುಡಿತದ ಪದ (ಹಾಡು). ಕಿವಿಗೆ ಮೊದಲ ಹಿಡಿ ಸಿಗೋದು ಇಲ್ಲಿ. ಮೂರು ಮಾತ್ರೆಯ ನಡೆ. ಭಜನೆಯಲ್ಲಿ ದಾದರಾ ಕೇಳಿದವರು “ಧಾ ಧಿನ್ ನಾ, ಧಾ ತೂ ನಾ” ಅಂತ ತೊಡೆ ತಟ್ಟಿದರೆ ಕೂಡುತ್ತದೆ. ಮೊದಲು ಆಲ್ಫ್ರೆದೋ, ನಡುವೆ ಮೇಳ, ಆಮೇಲೆ ವಿಯೊಲೆತ್ತಾ, ಕಡೆಗೆ ಎಲ್ಲರೂ. ಆದರೆ ಎಲ್ಲ ಕಡೆ ಹೀಗೆ ತಾಳ ಹಾಕಲು ಹೋಗಬೇಡಿ. ಪದ ಮತ್ತು ಮಾತಿನ ನಡುವೆ ಇನ್ನೊಂದು ಬಗೆ ಇದೆ, ರೆಸಿಟೆಟಿವ್ ಅನ್ನುತ್ತಾರೆ: ಮಾತಿನ ಲಯದಲ್ಲೇ ಸ್ವರ. ಕಥೆ ಮುಂದೆ ಹೋಗೋದು ಅಲ್ಲಿ, ಹಾಗಾಗಿ ಆಗ ಕಣ್ಣು ಸಬ್‌ಟೈಟಲ್ ಮೇಲಿರಲಿ. ಪದ, ಅಂದರೆ ಆರಿಯಾ ಶುರುವಾದಾಗ ಒಂದೇ ಸಾಲು ಮೂರು ನಾಲ್ಕು ಸಲ ಬರುತ್ತದೆ; ಆಗ ಓದೋದು ಬಿಟ್ಟು ಕಿವಿ ಕೊಡಿ.

ಹಿಂದೂಸ್ತಾನಿ ಕೇಳಿ ಬೆಳೆದವರಿಗೆ ಒಂದು ತೊಡಕು ಹೆಚ್ಚು. ನಮ್ಮ ಕಿವಿ ಷಡ್ಜ ಹುಡುಕುತ್ತದೆ. ತಂಬೂರಿ ಮಿಡಿಯುತ್ತಲೇ ಇದ್ದು, ಸಾ ಕೊನೆತನಕ ಸಾ ಆಗಿಯೇ ಇರಬೇಕು. ಇಲ್ಲಿ ಸಾ ಜಾಗ ಬದಲಿಸುತ್ತದೆ, ಒಂದೇ ಪದದ ನಡುವೆಯೂ. ಜೊತೆಗೆ ಎರಡು ಮೂರು ಸ್ವರ ಒಟ್ಟಿಗೆ ನುಡಿಯುತ್ತವೆ. ಸಾ ಸಿಗಲಿ ಅಂತ ಮೊಬೈಲಿನ ತಂಬೂರಿ ಆ್ಯಪ್ ಜೊತೆಗೆ ಹಾಕಿದರೆ, ಸ್ವಲ್ಪ ಹೊತ್ತು ಕೂಡಿ ಆಮೇಲೆ ಕರ್ಕಶವಾಗುತ್ತದೆ. ಹಾಡುವವರು ಅಪಸ್ವರ ಹಾಡಲಿಲ್ಲ, ಶ್ರುತಿ ಸರಿದಿದೆ ಅಷ್ಟೇ. ಹಾಗೆ ಸರಿದಾಗ ವೇದಿಕೆ ಮೇಲೆ ಏನಾಯಿತು ನೋಡಿ. ಬಹಳ ಸಲ ಪಾತ್ರದ ಮನಸ್ಸು ಬದಲಾಗಿರುತ್ತದೆ.

ಗಂಟಲು ಅಷ್ಟು ತೆರೆದು, ಸ್ವರ ನಡುಗಿಸಿ ಹಾಡೋದಕ್ಕೆ ಕಾರಣ ಮೈಕ್ ಇಲ್ಲದಿರುವುದು. ಹತ್ತಾರು ವಾದ್ಯಗಳನ್ನು ದಾಟಿ ಕಡೆಯ ಸಾಲಿಗೆ ಮುಟ್ಟಬೇಕು. ತರಬೇತಾದ ಗಂಡಸರ ಕಂಠದಲ್ಲಿ 3000 ಹರ್ಟ್ಸ್ ಆಸುಪಾಸಿನಲ್ಲಿ ನಾದ ದಟ್ಟವಾಗಿರುತ್ತದೆ. ವಾದ್ಯವೃಂದದ ಬಲ ಅಲ್ಲಿ ಕಮ್ಮಿ, ಹಾಗಾಗಿ ದನಿ ತೂರಿಹೋಗುತ್ತದೆ. ಮೈಕ್ ಬರುವ ಮೊದಲು ಪೇಟಿ-ತಬಲಾ ದಾಟಿ ಹಾಡುತ್ತಿದ್ದ ನಾಟಕದ ನಟರಿಗೂ ಇದೇ ಕಷ್ಟವಿತ್ತು.

ಎರಡನೇ ಅಂಕದಲ್ಲಿ ಹುಡುಗನ ಅಪ್ಪ ಜೆರ್ಮೋಂತ್ ಮತ್ತು ವಿಯೊಲೆತ್ತಾರ ಸಂವಾದ ಕಾಲು ತಾಸಿಗೂ ಹೆಚ್ಚು ಹಿಡಿಯುತ್ತದೆ. ಉದ್ದ ಆಯಿತೆಂದು ಮುಂದೆ ಓಡಿಸುವವರು ಇಲ್ಲೇ ಓಡಿಸುತ್ತಾರೆ, ಇಡೀ ಆಟದ ಜೀವಾಳ ಇಲ್ಲಿದ್ದರೂ. ಮೂರನೇ ಅಂಕದಲ್ಲಿ ಇನ್ನೊಂದು ಜಾಗ: ಅಪ್ಪ ಬರೆದ ಕಾಗದವನ್ನು ಅವಳು ಓದುತ್ತಾಳೆ. ಹಾಡುವುದಿಲ್ಲ, ಬರೀ ಓದುತ್ತಾಳೆ. ಹಿಂದೆ ವಯೊಲಿನ್ ನುಡಿಸುವುದು, ಮೊದಲ ಅಂಕದಲ್ಲಿ ಆಲ್ಫ್ರೆದೋ ಪ್ರೀತಿ ಹೇಳಿಕೊಂಡ ಅದೇ ಧಾಟಿ. ಎಲ್ಲ ತಿಳಿದು ಅವನು ಬರುತ್ತಿದ್ದಾನೆ ಅಂತ ಕಾಗದದಲ್ಲಿದೆ. ಓದಿ ಮುಗಿಸಿ “ತಡವಾಯಿತು” ಅನ್ನುತ್ತಾಳೆ, ಅದೂ ಸ್ವರವಿಲ್ಲದ ಬರೀ ಮಾತು. ಮೊದಲ ಅಂಕದ ಆ ಧಾಟಿಯನ್ನು ಎರಡು ಸಲ ಕೇಳಿಟ್ಟುಕೊಂಡವರಿಗೆ ಇದು ನಾಟುತ್ತದೆ, ಉಳಿದವರಿಗೆ ಬರೀ ಹಿನ್ನೆಲೆ ಸಂಗೀತ.

ಒಮ್ಮೆ ಮುಗಿಸಿ, ವಾರ ಬಿಟ್ಟು ಅದನ್ನೇ ಬೇರೆ ತಂಡದ್ದು ನೋಡಿ, ಈ ಸಲ ಸಬ್‌ಟೈಟಲ್ ಇಲ್ಲದೆ. ಆಮೇಲೆ ಮೊಜಾರ್ಟ್‌ನ 1791ರ ‘ಮ್ಯಾಜಿಕ್ ಫ್ಲೂಟ್’; ಅದರಲ್ಲಿ ಮಾತು ಮಾತಾಗಿಯೇ, ಪದ ಪದವಾಗಿಯೇ ಇದ್ದು ಕಂಪನಿ ನಾಟಕದ ರೂಢಿ ಇದ್ದವರಿಗೆ ಬೇಗ ಹಿಡಿಯುತ್ತದೆ. ಬಿಜೆಯ ‘ಕಾರ್ಮೆನ್’ ಮೂರನೆಯದಿರಲಿ. ವಾಗ್ನರ್‌ನ ‘ರಿಂಗ್’ಗೆ ಈಗಲೇ ಕೈ ಹಾಕಬೇಡಿ: ನಾಲ್ಕು ಆಪೆರಾ ಸೇರಿ ಸುಮಾರು 15 ತಾಸು, ರಾತ್ರಿಯೆಲ್ಲ ಬಯಲಾಟಕ್ಕೆ ಕೂತವರಿಗೂ ಅದು ಎರಡು ರಾತ್ರಿಯ ಕೆಲಸ.