ಶೇಂಗಾ ಹೊಲದಲ್ಲಿ ರಾಕ್ ಕೂಟ: ನಾವು ಮಾಡಿಕೊಂಡು ಬಂದ ಬಗೆ

ವರ್ಷಕ್ಕೊಮ್ಮೆ, ಶೇಂಗಾ ಕಿತ್ತು ಹೊಲ ಖಾಲಿಯಾದ ಮೇಲೆ, ಚಿತ್ರದುರ್ಗದ ಕಡೆ ಬಂಡೆಗಳ ನಡುವಿನ ಒಂದು ಹೊಲದಲ್ಲಿ ನಾವು ರಾಕ್ ಕೂಟ ಮಾಡುತ್ತೇವೆ. ಟಿಕೆಟ್ ಇಲ್ಲ, ಸ್ಟೇಜ್ ಇಲ್ಲ, ಬ್ಯಾನರ್ ಇಲ್ಲ. ಮೂರ್ನಾಲ್ಕು ಬ್ಯಾಂಡ್, ಅರವತ್ತು ಎಪ್ಪತ್ತು ಜನ, ಒಂದು ಜನರೇಟರ್. ಹೇಗೆ ಮಾಡ್ತೀರಿ ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಸಂಗೀತದ ಕೆಲಸ ಕಾಲುಪಾಲು. ಮಿಕ್ಕಿದ್ದೆಲ್ಲ ಕರೆಂಟು ಮತ್ತು ಊರವರು.

ಯೋಚನೆ ನಮ್ಮ ಸ್ವಂತದ್ದೇನಲ್ಲ. ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್ ಸುತ್ತಮುತ್ತ 1980ರ ದಶಕದಲ್ಲೇ ಹುಡುಗರು ಜನರೇಟರ್ ಹೊತ್ತುಕೊಂಡು ಮರುಭೂಮಿಗೆ ಹೋಗಿ, ನೆಲದ ಮೇಲೇ ಡ್ರಮ್ಸ್ ಇಟ್ಟು ನುಡಿಸುತ್ತಿದ್ದರು. ಸಂಗೀತಗಾರ ಮಾರಿಯೊ ಲಾಲಿ, ಯಾನಿಂಗ್ ಮ್ಯಾನ್ ಬ್ಯಾಂಡು, ಆಮೇಲೆ ಕಯಸ್ ಬ್ಯಾಂಡು, ಎಲ್ಲ ಅಲ್ಲಿ ಬೆಳೆದವರೇ. ಅದಕ್ಕೆ ಜನರೇಟರ್ ಪಾರ್ಟಿ ಅಂತಲೇ ಹೆಸರು. ನಮ್ಮ ಪೀಳಿಗೆಗೆ ರಾಕ್ ಅಂದರೆ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡು ಬಂದಿದ್ದು, ಅಷ್ಟು ದೊಡ್ಡದು. ಆದರೆ ಸ್ವಂತ ಹಾಡು ಕಟ್ಟುವ ಸಣ್ಣ ಬ್ಯಾಂಡಿಗೆ ಅಂಥ ಮೈದಾನ ಯಾರು ಕೊಡುತ್ತಾರೆ? ಪಬ್‌ಗೆ ಹೋದರೆ ಎರಡನೇ ಹಾಡಿಗೇ ಯಾರೋ ಒಬ್ಬರು ಕೇಳಿ ಕೇಳಿ ಸವೆದ ಇಂಗ್ಲಿಷ್ ಹಾಡು ನುಡಿಸಿ ಅಂತ ಕೂಗುತ್ತಾರೆ. ಹೊಲದಲ್ಲಿ ಆ ಕಾಟ ಇಲ್ಲ.

ಜಾಗ ಹುಡುಕುವಾಗ ನಮ್ಮದು ಒಂದೇ ಹಟ: ಖಾಸಗಿ ಜಮೀನೇ ಆಗಬೇಕು, ಮಾಲೀಕರು ಅಲ್ಲೇ ಇರಬೇಕು. ಅರಣ್ಯ ಇಲಾಖೆಯ ಗಡಿ, ಕೆರೆ ಅಂಗಳ, ಕೋಟೆ, ಹಳೇ ಗುಡಿ ಇವುಗಳ ಹತ್ತಿರಕ್ಕೂ ಹೋಗುವುದಿಲ್ಲ. ನಮ್ಮ ಹೊಲ ಬ್ಯಾಂಡಿನ ಬೇಸ್ ನುಡಿಸುವವನ ದೊಡ್ಡಪ್ಪನದು. ಮೂರು ಕಡೆ ಬಂಡೆ, ಒಂದು ಕಡೆ ಟ್ರ್ಯಾಕ್ಟರ್ ದಾರಿ. ನೋಡಿದ ಕೂಡಲೇ ಯಾರಿಗಾದರೂ ಬಂಡೆ ಬುಡದಲ್ಲೇ ಡ್ರಮ್ಸ್ ಇಡುವ ಆಸೆ ಬರುತ್ತದೆ, ಫೋಟೋಗೂ ಚೆಂದ. ದೊಡ್ಡಪ್ಪ ಸುಮ್ನೆ ಕೈ ಎತ್ತಿ ಮೇಲೆ ತೋರಿಸಿದರು. ಬಂಡೆಯ ಚಾಚಿನ ಕೆಳಗೆ ಸಾಲಾಗಿ ಹೆಜ್ಜೇನು ಗೂಡು. ಕಪ್ಪಗೆ, ಮೊರದಗಲ. ಬಿಸಿಲಿಗೆ ಮೇಲ್ಮೈಯೆಲ್ಲ ಅಲೆಅಲೆಯಾಗಿ ನಡುಗುತ್ತಿತ್ತು. ಹೆಜ್ಜೇನು ರಾತ್ರಿಯೂ ದೀಪಕ್ಕೆ ಎದ್ದು ಬರುತ್ತದೆ. ಹೊಗೆ ಹೋದರೆ, ಗಲಾಟೆ ಆದರೆ ಕೆರಳಬಹುದು. ಅದಕ್ಕೆ ನಾವು ಹೊಲದ ಇನ್ನೊಂದು ತುದಿಗೆ ಹೋದೆವು. ಸ್ಪೀಕರ್ ಮುಖ ಆ ಕಡೆ ಇಲ್ಲ, ಬೆಂಕಿ ಇಲ್ಲ, ಲೈಟೂ ಆ ಕಡೆ ಬೀಳುವುದಿಲ್ಲ. ಬಂಡೆಗಾಡಿನಲ್ಲಿ ಕೂಟ ಮಾಡುವವರು ಬ್ಯಾಂಡ್ ಗೊತ್ತು ಮಾಡುವ ಮೊದಲು ಹಗಲು ಹೊತ್ತು ಹೋಗಿ ತಲೆ ಎತ್ತಿ ನೋಡಬೇಕು. ಕರಡಿ, ಚಿರತೆ ಓಡಾಡುವ ಸೀಮೆ ಬೇರೆ. ದನ ಮೇಯಿಸುವವರನ್ನು ಕೇಳಿದರೆ ಯಾವ ಕಣಿವೆ ಬೇಡ ಅಂತ ಸರಿಯಾಗಿ ಹೇಳುತ್ತಾರೆ.

ಅನುಮತಿಯ ವಿಚಾರ. ಮೈಕ್ ಹಾಕಲು ಪೊಲೀಸರ ಅನುಮತಿ ಬೇಕೇ ಬೇಕು, ಹೊಲ ನಮ್ಮದೇ ಆದರೂ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ನಾವು ಸಂಜೆ ನಾಲ್ಕೂವರೆಗೆ ಶುರು ಮಾಡಿ ಒಂಬತ್ತಕ್ಕೆ ಮುಗಿಸುತ್ತೇವೆ. ಇದು ಬರೀ ಕಾನೂನಿನ ಮಾತಲ್ಲ. ಹೊತ್ತು ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ನೆಲಕ್ಕೇ ಇಳಿಯುತ್ತದೆ. ಹಗಲು ಊರಿಗೆ ಕೇಳಿಸದ ಬೇಸು ರಾತ್ರಿ ಅಲ್ಲಿನ ಜಗಲಿ ಮೇಲೆ ಕೂತವರಿಗೆ ಸಲೀಸಾಗಿ ಕೇಳುತ್ತದೆ.

ಪೊಲೀಸ್ ಠಾಣೆಗಿಂತ ಮುಖ್ಯ ಊರಿನ ಕಟ್ಟೆ. ಒಂದು ವಾರ ಮೊದಲು ಹೋಗಿ ಕೂತು ಮಾತಾಡುತ್ತೇವೆ. ಹೀಗೇ ಒಮ್ಮೆ ಅಜ್ಜ ಒಬ್ಬರು ಕೇಳಿದರು, "ಆರ್ಕೆಸ್ಟ್ರಾ ಏನ್ರಪ್ಪಾ? ರಾಜ್‌ಕುಮಾರ್ ಹಾಡು ಇರ್ತಾವಾ?"

"ಇಲ್ಲ ಅಜ್ಜಾ, ನಾವೇ ಕಟ್ಟಿದ ಹಾಡು."

"ನೀವೇ ಕಟ್ಟಿದ್ದಾ? ಮತ್ತೆ ಕೇಳೋರ್ಯಾರು?"

ನಮ್ಮ ವೋಕಲಿಸ್ಟ್ ಇವತ್ತಿಗೂ ಇದಕ್ಕೆ ಉತ್ತರ ಹುಡುಕುತ್ತಿದ್ದಾನೆ. ಅಜ್ಜ ಮಾತ್ರ ಕುರ್ಚಿ ಹಾಕಿಸಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು.

ಇನ್ನು ಕರೆಂಟು. ಶಾಮಿಯಾನದವರ ಹತ್ತಿರ ಸಿಗುವ ಡೀಸೆಲ್ ಜನರೇಟರ್ ಮದುವೆಗೆ ಸರಿ, ಗಿಟಾರ್ ಸದ್ದು ಹೆಚ್ಚಿಸುವ ಟ್ಯೂಬ್ ಆಂಪ್‌ಗೆ ಸರಿಯಲ್ಲ. ವೋಲ್ಟೇಜ್ ಏರಿಳಿಯುತ್ತದೆ, ಗುಡುಗುಡು ಸದ್ದೂ ಜಾಸ್ತಿ. ನಾವು ತರುವುದು ವೋಲ್ಟೇಜ್ ಒಂದೇ ಸಮ ಇಡುವ 3 ಕೆವಿಎ ಪೆಟ್ರೋಲ್ ಇನ್ವರ್ಟರ್ ಜನರೇಟರ್. ಎರಡು ಗಿಟಾರ್ ಆಂಪ್, ಒಂದು ಬೇಸ್ ಆಂಪ್, ಎರಡು ಪವರ್ಡ್ ಸ್ಪೀಕರ್, ಮಿಕ್ಸರ್, ನಾಲ್ಕು ಎಲ್‌ಇಡಿ ದೀಪ, ಎಲ್ಲ ಸೇರಿ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಮಿಕ್ಕಿದ್ದು ಎಲ್ಲರೂ ಒಟ್ಟಿಗೆ ಜೋರಾಗಿ ಬಾರಿಸುವ ಗಳಿಗೆಗೆ. ಗಂಟೆಗೆ ಹೆಚ್ಚೂಕಮ್ಮಿ ಒಂದು ಲೀಟರ್ ಪೆಟ್ರೋಲ್. ಬ್ಯಾಂಡ್ ಬದಲಾಗುವಾಗ ಜನರೇಟರ್ ನಿಲ್ಲಿಸಿ, ಆರಿದ ಮೇಲೇ ಪೆಟ್ರೋಲ್ ತುಂಬಿಸಬೇಕು. ಓಡುತ್ತಿರುವಾಗ ಕ್ಯಾನ್ ಹಿಡಿದು ಬರುವವನನ್ನು ನಾವು ಹೊಲದಾಚೆ ಕಳಿಸುತ್ತೇವೆ.

ಜನರೇಟರನ್ನು ಐವತ್ತು ಮೀಟರ್ ದೂರ, ಗಾಳಿ ಹೋಗುವ ದಿಕ್ಕಿಗೆ, ಒಂದು ಗುಂಡುಕಲ್ಲಿನ ಮರೆಯಲ್ಲಿ ಇಡುತ್ತೇವೆ. ಇಲ್ಲಿ ಕೇಬಲ್ ವಿಚಾರದಲ್ಲಿ ಜಿಪುಣತನ ಮಾಡಬಾರದು. ಅಷ್ಟು ದೂರಕ್ಕೆ 1 ಚದರ ಮಿಲಿಮೀಟರಿನ ವೈರ್ ಹಾಕಿದರೆ ಹನ್ನೆರಡು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 2.5ರ ತಾಮ್ರದ ಮೂರು ಎಳೆಯ ಕೇಬಲ್ ಹಾಕಿದರೆ ಐದು ವೋಲ್ಟ್ ಅಷ್ಟೇ. ಸುರುಳಿ ಪೂರ್ತಿ ಬಿಚ್ಚಿ ಹಾಸಬೇಕು, ಸುತ್ತಿಟ್ಟ ಕೇಬಲ್ ಬಿಸಿಯಾಗುತ್ತದೆ.

ಯಾರೂ ಮಾತಾಡದ ವಿಷಯ ಅರ್ಥಿಂಗ್. ಒಂದು ಕೈ ಗಿಟಾರ್ ತಂತಿ ಮೇಲೆ, ತುಟಿ ಮೈಕಿನ ಜಾಲರಿ ಮೇಲೆ. ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ಹಾಡುವವನೇ ವೈರ್ ಆಗುತ್ತಾನೆ. ಅದಕ್ಕೆ ಆಂಪು, ಮಿಕ್ಸರು ಎಲ್ಲವೂ ಒಂದೇ ಬೋರ್ಡಿನಿಂದ ಕರೆಂಟು ತೆಗೆದುಕೊಳ್ಳಬೇಕು. ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಕಡಿದುಬಿಡುವ ಸ್ವಿಚ್, ಇರಬೇಕು. ಆದರೆ ಇಂಥ ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ಲನ್ನು ಸಾಮಾನ್ಯವಾಗಿ ಅರ್ಥ್‌ಗೆ ಸೇರಿಸಿರುವುದಿಲ್ಲ. ಹಾಗೇ ಬಿಟ್ಟರೆ ಆರ್‌ಸಿಸಿಬಿ ಇದ್ದೂ ಇಲ್ಲದಂತೆ. ಇದನ್ನು ಯೂಟ್ಯೂಬ್ ನೋಡಿಕೊಂಡು ಮಾಡಬೇಡಿ. ಪಕ್ಕದ ಊರಿನಲ್ಲಿ ಪಂಪ್‌ಸೆಟ್ ಕೆಲಸ ಮಾಡುವ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಅರ್ಥ್ ರಾಡ್ ಹೊಡೆದು, ನ್ಯೂಟ್ರಲ್ ಸೇರಿಸಿ, ಟೆಸ್ಟ್ ಬಟನ್ ಅಷ್ಟೇ ಅಲ್ಲ, ಟೆಸ್ಟರ್ ಇಟ್ಟೇ ನೋಡಿ ಹೋಗುತ್ತಾರೆ. ಅವರಿಗೆ ಕೊಡುವ ಹಣದಲ್ಲಿ ಚೌಕಾಶಿ ಇಲ್ಲ.

ಸೌಂಡ್ ಬಗ್ಗೆ ಜಾಸ್ತಿ ಹೇಳಲ್ಲ. ಬಯಲಲ್ಲಿ ಗೋಡೆ ಇಲ್ಲ, ದೂರ ಎರಡರಷ್ಟಾದರೆ ಸುಮಾರು ಆರು ಡೆಸಿಬಲ್ ಇಳಿಯುತ್ತದೆ. ಅದಕ್ಕೆ ಜನರನ್ನೇ ಹತ್ತಿರ ಕೂರಿಸಿದರಾಯಿತು, ವಾಲ್ಯೂಮ್ ಏರಿಸುವುದು ಬೇಡ. ಡ್ರಮ್ಸ್‌ಗೆ ಮೈಕೇ ಇಲ್ಲ, ಕಾಲಲ್ಲಿ ಒತ್ತಿ ಬಾರಿಸುವ ದೊಡ್ಡ ಡ್ರಮ್‌ಗೆ, ಅಂದರೆ ಕಿಕ್‌ಗೆ ಮಾತ್ರ ಒಂದು. ಕೆಳಗೆ ಜಮಖಾನ ಹಾಸಿ, ಕಿಕ್ ಡ್ರಮ್ ಮುಂದೆ ಎರಡು ಕಲ್ಲು ಇಟ್ಟರೆ ಜಾರುವುದಿಲ್ಲ. ದುರ್ಗದ ಗಾಳಿ ಅಂದರೆ ಗೊತ್ತಲ್ವಾ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಮೈಕಿಗೆ ಸ್ಪಂಜಿನ ಟೋಪಿ ಇಲ್ಲದಿದ್ದರೆ ಹಾಡಿಗಿಂತ ಗಾಳಿಯೇ ಜೋರು.

ಟ್ಯೂನಿಂಗ್ ಒಂದು ತಮಾಷೆ. ಸಂಜೆ ಬಿಸಿಲಲ್ಲಿ ಟ್ಯೂನ್ ಮಾಡಿದ ಗಿಟಾರ್, ಏಳು ಗಂಟೆಯ ಚಳಿಗೆ ತಂತಿ ಬಿಗಿದು ಸ್ವರ ಏರಿ ಶಾರ್ಪ್ ಆಗುತ್ತದೆ. ಒಂದು ಸಲ ಊರಿನ ಉರುಮೆ, ತಮಟೆಯವರು ಜೊತೆಗೆ ಬಾರಿಸಲು ಬಂದಿದ್ದರು. ಅವರದು ಉಲ್ಟಾ ಕಷ್ಟ. ಚಳಿಗೆ ತಮಟೆಯ ಚರ್ಮ ಸಡಿಲ ಬೀಳುತ್ತದೆ, ಹುಲ್ಲು ಉರಿಸಿ ಕಾಯಿಸಬೇಕು. ಬೆಂಕಿ ಬೇಡ ಅನ್ನುವ ನಮ್ಮ ನಿಯಮ ಮುರಿಯದೆ ಇರಲು ಟ್ರ್ಯಾಕ್ಟರ್ ದಾರಿಯ ಆಚೆ, ಗಾಳಿ ಹೆಜ್ಜೇನಿನ ಕಡೆ ಹೋಗದ ಜಾಗದಲ್ಲಿ ಕಾಯಿಸಿ ತಂದರು. ಗಿಟಾರ್‌ನವರು ಪೆಗ್ ತಿರುಗಿಸಿ ಮುಗಿಸುವಷ್ಟರಲ್ಲಿ ತಮಟೆ ಆಗಲೇ ಖಣಖಣ ಅನ್ನುತ್ತಿತ್ತು. ಆ ಜುಗಲ್‌ಬಂದಿ ಚೆನ್ನಾಗಿತ್ತಾ? ಮೊದಲ ಐದು ನಿಮಿಷ ಯಾರು ಯಾರ ತಾಳ ಹಿಡಿಯಬೇಕು ಅಂತಲೇ ಗೊತ್ತಾಗಲಿಲ್ಲ. ನಮ್ಮ ಡ್ರಮ್ಮರ್ ಕೈ ನಿಲ್ಲಿಸಿ, ಬರೀ ಕಿಕ್ ಒತ್ತಲು ಶುರು ಮಾಡಿದ ಮೇಲೆ ದಾರಿಗೆ ಬಂತು.

ಊಟಕ್ಕೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಟೀ. ರಾತ್ರಿಗೆ ದೊಡ್ಡಪ್ಪನ ಮನೆಯ ಮುದ್ದೆ, ಸಾರು. ಕುಡಿಯುವ ನೀರು ಕ್ಯಾನಿನಲ್ಲಿ, ಶೌಚಕ್ಕೆ ಹೊಲದ ಮನೆ. ಮದ್ಯ ಇಲ್ಲ, ಇದಕ್ಕೆ ಬೇಜಾರು ಮಾಡಿಕೊಂಡು ಬರದೇ ಇರುವವರಿದ್ದಾರೆ, ಇರಲಿ. ಕತ್ತಲಾದ ಮೇಲೆ ಎಲ್ಲರ ಕೈಯಲ್ಲೂ ಟಾರ್ಚ್, ಕಾಲಿಗೆ ಶೂ. ಹಾವಿನ ವಿಷಕ್ಕೆ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಮೊದಲೇ ವಿಚಾರಿಸಿ, ಒಂದು ಕಾರು ದಾರಿಗೆ ಮುಖ ಮಾಡಿ ನಿಲ್ಲಿಸಿರುತ್ತೇವೆ.

ದುಡ್ಡಿನ ಲೆಕ್ಕ ಸರಳ. ಪೆಟ್ರೋಲು, ಎಲೆಕ್ಟ್ರಿಷಿಯನ್, ಊಟ, ಜನರೇಟರ್ ಬಾಡಿಗೆ ಕೂಡಿಸಿ ಬಂದವರೆಲ್ಲ ಹಂಚಿಕೊಳ್ಳುತ್ತೇವೆ. ಬ್ಯಾಂಡಿನವರಿಗೆ ಸಂಭಾವನೆ ಇಲ್ಲ, ಆದರೆ ಅವರಿಂದ ಪಾಲನ್ನೂ ತೆಗೆದುಕೊಳ್ಳುವುದಿಲ್ಲ. ಸ್ಪಾನ್ಸರ್ ಬರುತ್ತೇವೆ ಅಂದವರಿಗೆ ಬೇಡ ಅಂದಿದ್ದೇವೆ. ಬ್ಯಾನರ್ ಬಂದರೆ ಸ್ಟೇಜ್ ಬೇಕಾಗುತ್ತದೆ, ಸ್ಟೇಜ್ ಬಂದರೆ ಐನೂರು ಜನ ಬೇಕಾಗುತ್ತದೆ, ಐನೂರು ಜನಕ್ಕೆ ಆ ಟ್ರ್ಯಾಕ್ಟರ್ ದಾರಿ ಸಾಲುವುದಿಲ್ಲ. ಹೊಲದ ಲೊಕೇಶನ್ನನ್ನು ಬರುವವರ ಫೋನಿಗೆ ಹಿಂದಿನ ದಿನ ಕಳಿಸುತ್ತೇವೆ, ಫೋಟೋ ಹಾಕುವವರು ಊರಿನ ಹೆಸರು ಹಾಕಬಾರದು. ಮಾರನೇ ಬೆಳಗ್ಗೆ ಕಸ ಆಯ್ದು, ಅರ್ಥ್ ರಾಡ್ ಕಿತ್ತು, ಗುಂಡಿ ಮುಚ್ಚಿ, ದೊಡ್ಡಪ್ಪನಿಗೆ ಹೊಲ ಒಮ್ಮೆ ಸುತ್ತಿ ತೋರಿಸಿದ ಮೇಲೇ ಗಾಡಿ ಹತ್ತುವುದು.