ಚಂದ್ರಗಿರಿಯಲ್ಲಿ ಭದ್ರಬಾಹು ಸ್ವಾಮಿಗಳ ಪಾದವಂದನೆ ಮಾಡುವ ಕ್ರಮ

ಶ್ರವಣಬೆಳಗೊಳಕ್ಕೆ ಬರುವ ಅನೇಕ ಯಾತ್ರಿಕರು ದೊಡ್ಡಬೆಟ್ಟವನ್ನೇರಿ ಗೊಮ್ಮಟೇಶ್ವರನ ದರ್ಶನ ಪಡೆದು ಹಾಗೆಯೇ ಹಿಂದಿರುಗುತ್ತಾರೆ. ಅದರ ಎದುರಿಗಿರುವ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ, ಅಂತಿಮ ಶ್ರುತಕೇವಲಿಗಳಾದ, ಅಂದರೆ ಜೈನ ಶಾಸ್ತ್ರವನ್ನೆಲ್ಲ ಪೂರ್ಣವಾಗಿ ಬಲ್ಲವರಲ್ಲಿ ಕೊನೆಯವರಾದ ಭದ್ರಬಾಹು ಸ್ವಾಮಿಗಳು ಆಹಾರವನ್ನು ಕ್ರಮೇಣ ತ್ಯಜಿಸುವ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ತಾಣವೆಂದು ದಿಗಂಬರ ಜೈನ ಪರಂಪರೆ ನಂಬಿಕೊಂಡು ಬಂದಿದೆ. ಅವರ ಪಾದವಂದನೆಗೆಂದೇ ಒಂದು ಬೆಳಗಿನ ಹೊತ್ತನ್ನು ಬೇರೆಯಾಗಿ ತೆಗೆದಿರಿಸಬೇಕು. ಉಳಿದ ಸಮಯದಲ್ಲಿ ಅವಸರವಾಗಿ ಮುಗಿಸುವ ದರ್ಶನ ಇದಲ್ಲ.

ಪಾದರಕ್ಷೆಗಳನ್ನು ಬೆಟ್ಟದ ಬುಡದಲ್ಲಿಯೇ ಬಿಟ್ಟು ಬಿಸಿಲೇರುವ ಮುನ್ನ ಹತ್ತಬೇಕು, ಏಕೆಂದರೆ ಬಂಡೆ ಕಾದ ಮೇಲೆ ಬರಿಗಾಲಿನಲ್ಲಿ ನಿಂತು ಏನನ್ನೂ ಸಾವಧಾನವಾಗಿ ನೋಡಲಾಗದು. ಸ್ವಾಮಿಗಳ ಪಾದಗಳಿರುವ ಗವಿಗೆ ನೇರವಾಗಿ ಹೋಗದೆ, ಮೊದಲು ಪಾರ್ಶ್ವನಾಥ ಬಸದಿಯ ಬಳಿ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನದ ಮುಂದೆ ನಿಲ್ಲುವುದು ಉಚಿತ. ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು 12 ವರ್ಷಗಳ ಕ್ಷಾಮ ಬರಲಿದೆಯೆಂದು ಲಕ್ಷಣಗಳಿಂದ ಭವಿಷ್ಯವನ್ನು ತಿಳಿಯುವ ನಿಮಿತ್ತಜ್ಞಾನದಿಂದ ಅರಿತು ಹೇಳಿದ್ದನ್ನೂ, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟದ್ದನ್ನೂ, ಕಟವಪ್ರವೆಂಬ ಈ ಗಿರಿಯಲ್ಲಿ ಪ್ರಭಾಚಂದ್ರರೆಂಬ ಆಚಾರ್ಯರು ಸಮಾಧಿ ಹೊಂದಿದ್ದನ್ನೂ, ಕಾಲಕ್ರಮದಲ್ಲಿ 700 ಋಷಿಗಳು ಅದೇ ದಾರಿ ಹಿಡಿದದ್ದನ್ನೂ ಅದು ಹೇಳುತ್ತದೆ. ಪ್ರಭಾಚಂದ್ರರು ಗುರುವಿನ ಹಿಂದೆ ಬಂದ ಮೌರ್ಯ ಚಂದ್ರಗುಪ್ತನೇ ಎಂಬುದು ಪರಂಪರೆಯ ಮಾತು, ವಿದ್ವಾಂಸರಲ್ಲಿ ಈ ಕುರಿತು ಭಿನ್ನಾಭಿಪ್ರಾಯವಿದೆ. ಅದನ್ನು ತಿಳಿದು ಕೈಮುಗಿಯುವುದರಿಂದ ಭಕ್ತಿಗೆ ಯಾವ ಕೊರತೆಯೂ ಆಗದು.

ಅನಂತರ ಚಂದ್ರಗುಪ್ತ ಬಸದಿಗೆ ಬನ್ನಿ. ಬಸದಿ ಚಿಕ್ಕದು, ಆದರೆ ಬಾಗಿಲಿನ ಎರಡೂ ಬದಿಯ ಕಲ್ಲಿನ ಜಾಲಂಧ್ರಗಳಲ್ಲಿ, ಅಂದರೆ ರಂಧ್ರ ಕೊರೆದ ಜಾಲರಿಗಳಲ್ಲಿ, ಗುರುಶಿಷ್ಯರ ಚರಿತ್ರೆಯ 90 ದೃಶ್ಯಗಳಿವೆ. ಶಿಲ್ಪಿ ದಾಸೋಜನ ಹೆಸರೂ ಅಲ್ಲಿದೆ. ಆಕೃತಿಗಳು ಬಹಳ ಸಣ್ಣವಾದ್ದರಿಂದ ಹತ್ತಿರ ನಿಂತು ಒಂದೊಂದು ಚೌಕವನ್ನೂ ನಿಧಾನವಾಗಿ ನೋಡಬೇಕು, ಕೈಯಿಂದ ಮುಟ್ಟಬಾರದು. ಮಕ್ಕಳು ಜೊತೆಗಿದ್ದರೆ ಕಥೆಯನ್ನು ಇಲ್ಲಿಯೇ ಹೇಳಿಕೊಡಿ, ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದಿಲ್ಲ.

ಇಷ್ಟಾದ ಮೇಲೆ ಭದ್ರಬಾಹು ಗವಿಗೆ ಹೋಗಬೇಕು. ಒಳಗೆ ಮೂರ್ತಿಯಿಲ್ಲ, ಪೂಜೆಗೊಳ್ಳುವುದು ಕಲ್ಲಿನಲ್ಲಿ ಮೂಡಿಸಿದ ಪಾದಗಳು. ಸ್ಥಳ ಕಿರಿದಾದ್ದರಿಂದ ಕೆಲವರೇ ಒಳಹೋಗಿ, ಅಕ್ಷತೆಯನ್ನು ಅರ್ಪಿಸಿ, ಪಾದಗಳಿಗೆ ನಮಸ್ಕರಿಸಿ, 'ಣಮೋ ಆಯರಿಯಾಣಂ' ಎಂಬಲ್ಲಿ ಆಚಾರ್ಯರನ್ನು ವಿಶೇಷವಾಗಿ ನೆನೆಯುತ್ತ ಪಂಚನಮಸ್ಕಾರ ಮಂತ್ರವನ್ನು ಹೇಳಬೇಕು. ಬಳಿಕ ಹೊರಗೆ ಬಂದು ಕಾಯೋತ್ಸರ್ಗದಲ್ಲಿ, ಅಂದರೆ ದೇಹದ ಮೇಲಿನ ಮೋಹ ಬಿಟ್ಟು ಅಲುಗಾಡದೆ ನಿಲ್ಲುವ ಧ್ಯಾನಭಂಗಿಯಲ್ಲಿ ನಿಂತು, ಒಂದು ಮಂತ್ರಕ್ಕೆ 3 ಉಸಿರಿನಂತೆ 27 ಉಸಿರುಗಳಲ್ಲಿ 9 ಬಾರಿ ಜಪಿಸುವುದು ಕ್ರಮ. ಇದನ್ನು ಅವಸರಪಡಿಸಬಾರದು. ಆಹಾರವನ್ನೂ ದೇಹದ ಮೋಹವನ್ನೂ ಹಂತಹಂತವಾಗಿ ಬಿಟ್ಟ ಗುರುವಿನ ಮುಂದೆ ಆ ಕೆಲವು ನಿಮಿಷವಾದರೂ ಮೊಬೈಲನ್ನು ಮುಚ್ಚಿಡುವುದು ನಮ್ಮ ಕರ್ತವ್ಯ.

ಇಳಿಯುವಾಗ ಕಾಲಡಿಯ ಬಂಡೆಯನ್ನು ಗಮನಿಸುತ್ತ ನಡೆಯಿರಿ. ಇಲ್ಲಿ ಸಮಾಧಿಮರಣ ಹೊಂದಿದ ಮುನಿಗಳ, ಆರ್ಯಿಕೆಯರ (ಜೈನ ಸನ್ಯಾಸಿನಿಯರ) ಹೆಸರುಗಳನ್ನು ಹಳಗನ್ನಡದಲ್ಲಿ ನೆಲದ ಬಂಡೆಯಲ್ಲೇ ಕೊರೆದಿದ್ದಾರೆ. ಅಕ್ಷರಗಳನ್ನು ತುಳಿಯದೆ ಬದಿಗೆ ಸರಿದು ಹೋಗಬೇಕು. ಓದಲು ಕಾಣಲೆಂದು ನೀರನ್ನಾಗಲಿ ಕುಂಕುಮವನ್ನಾಗಲಿ ಅವುಗಳ ಮೇಲೆ ಹಾಕಬಾರದು.